ಮೆಸ್ ಊಟದ ಬಗ್ಗೆ ಬರೆದ ಸಂಪಾದಕ: ಅಮೆರಿಕದ ಹಳೇ ಕಾಲೇಜು ಪತ್ರಿಕೆಗಳ ಸಂಗ್ರಹ ಬಳಸಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು ತಮ್ಮ ವಿದ್ಯಾರ್ಥಿಗಳು ನೂರು ವರ್ಷಕ್ಕೂ ಹಿಂದಿನಿಂದ ನಡೆಸಿಕೊಂಡು ಬಂದ ದಿನಪತ್ರಿಕೆಗಳನ್ನು ಒಂದೊಂದೇ ಪುಟ ಸ್ಕ್ಯಾನ್ ಮಾಡಿ ಇಂಟರ್ನೆಟ್‌ನಲ್ಲಿ ಇಟ್ಟಿವೆ. ಯಾರು ಬೇಕಾದರೂ ತೆಗೆದು ಓದಬಹುದು. ಕಾರವಾರದಲ್ಲಿ ಕೂತು ನಾವೂ ಓದಬಹುದು. ಈ ಮಳೆಗಾಲದ ಸಂಜೆಗಳಲ್ಲಿ ನಾನು ಮಾಡಿದ ಕೆಲಸ ಅದೇ. ಕೊಲಂಬಿಯಾದ ಸ್ಪೆಕ್ಟೇಟರ್, ಕಾರ್ನೆಲ್‌ನ ಡೈಲಿ ಸನ್, ಸ್ಟ್ಯಾನ್‌ಫೋರ್ಡ್ ಡೈಲಿ, ಮಿಶಿಗನ್ ಡೈಲಿ, ಡೈಲಿ ಪ್ರಿನ್ಸ್‌ಟೋನಿಯನ್, ಈ ಐದು ಸಂಗ್ರಹಗಳನ್ನು ಬಳಸಿದೆ. ಎರಡು ಮಹಾಯುದ್ಧಗಳ ನಡುವಿನ ಕಾಲ, ಅಂದರೆ 1919ರಿಂದ 1939ರ ತನಕದ ಪುಟಗಳನ್ನೇ ಜಾಸ್ತಿ ನೋಡಿದ್ದು.

ಯಾಕೆ ಈ ಹುಚ್ಚು ಅಂತ ಕೇಳಬಹುದು. ಭಾನುವಾರ ನಮ್ಮ ಮನೆ ಜಗಲಿಯಲ್ಲಿ ಆರೇಳು ಕಾಲೇಜು ಮಕ್ಕಳು ಸೇರುತ್ತಾರೆ. ಜೋಯಿಡಾದವರು, ಅಂಕೋಲಾದವರು, ಇಲ್ಲೇ ಮಾಜಾಳಿಯವರು. ಪತ್ರಿಕೆ ಓದುತ್ತೇವೆ, ಸುದ್ದಿ ಬರೆಯೋದನ್ನು ಕಲಿಯುತ್ತೇವೆ. ಅವರಲ್ಲಿ ಒಬ್ಬಳು ತನ್ನ ಕಾಲೇಜಿನ ಭಿತ್ತಿಪತ್ರಿಕೆಯಲ್ಲಿ ಹಾಸ್ಟೆಲಿನ ರಾತ್ರಿ ಊಟದ ಬಗ್ಗೆ ಬರೆದಿದ್ದಳು. ಎಷ್ಟು ಗಂಟೆಗೆ ಪಲ್ಯ ಖಾಲಿಯಾಗುತ್ತೆ, ಕೊನೇ ಪಂಕ್ತಿಯವರಿಗೆ ಸಾರಿಗೆ ಎಷ್ಟು ನೀರು ಬೀಳುತ್ತೆ, ಎಲ್ಲ ಲೆಕ್ಕ ಹಾಕಿ ಬರೆದಿದ್ದಳು. ಎರಡನೇ ದಿನ ಆ ಹಾಳೆ ಬೋರ್ಡಿನ ಮೇಲೆ ಇರಲಿಲ್ಲ. ಯಾರೂ ಬೈಯಲಿಲ್ಲ, ಕರೆದು ಕೇಳಲೂ ಇಲ್ಲ. ನಾಲ್ಕು ಪಿನ್ನು ಮಾತ್ರ ಉಳಿದಿದ್ದವು. ಆ ಭಾನುವಾರ ಬಂದು "ನಾನು ಬರೆದದ್ದರಲ್ಲಿ ತಪ್ಪೇನಿತ್ತು ಸರ್" ಅಂತ ಕೇಳಿದಳು. ನನಗೆ ಥಟ್ಟನೆ ನೆನಪಾದದ್ದು ರೀಡ್ ಹ್ಯಾರಿಸ್.

ಅವನ ಹೆಸರು ಎಲ್ಲೋ ಓದಿದ್ದೆ. ಆದರೆ ಅವನು ನಡೆಸಿದ ಪತ್ರಿಕೆಯನ್ನು ಕಣ್ಣಾರೆ ನೋಡಿರಲಿಲ್ಲ. ಅವತ್ತು ರಾತ್ರಿ ಸ್ಪೆಕ್ಟೇಟರ್ ಸಂಗ್ರಹ ತೆಗೆದೆ. ಕ್ಯಾಲೆಂಡರ್ ಇದೆ, ವರ್ಷ ಒತ್ತಿ, ತಿಂಗಳು ಒತ್ತಿ, ದಿನ ಒತ್ತಿದರೆ ಅವತ್ತಿನ ಪತ್ರಿಕೆ ಹಾಗೆಹಾಗೇ ಎದುರಿಗೆ ಬರುತ್ತದೆ, ಜಾಹೀರಾತು, ಮಡಿಕೆ ಬಿದ್ದ ಗುರುತು ಎಲ್ಲ ಸೇರಿ. 1932ರ ಏಪ್ರಿಲ್ ತೆಗೆದೆ. ಮತ್ತೆ ಮಲಗಿದ್ದು ಎರಡು ಗಂಟೆಗೆ.

ಕಥೆ ಹೀಗಿದೆ. ನ್ಯೂಯಾರ್ಕಿನ ಕೊಲಂಬಿಯಾ ಅಂದರೆ ಅಂಬೇಡ್ಕರ್ 1913ರಿಂದ 1916ರ ತನಕ ಓದಿದ ವಿಶ್ವವಿದ್ಯಾಲಯ. ಸ್ಪೆಕ್ಟೇಟರ್ ಅಲ್ಲಿನ ವಿದ್ಯಾರ್ಥಿಗಳ ಪತ್ರಿಕೆ, 1877ರಲ್ಲಿ ಶುರುವಾದದ್ದು. 1931-32ರಲ್ಲಿ ಹ್ಯಾರಿಸ್ ಅದರ ಸಂಪಾದಕ. ಆಗ ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಅಂದರೆ ಜಾತ್ರೆ. ಮಿಶಿಗನ್‌ನಲ್ಲಿ 1927ರಲ್ಲಿ ಕಟ್ಟಿದ ಕ್ರೀಡಾಂಗಣದಲ್ಲಿ 70 ಸಾವಿರಕ್ಕೂ ಜಾಸ್ತಿ ಜನ ಕೂರಬಹುದಿತ್ತು. ಹೆಚ್ಚುಕಡಿಮೆ ಇಡೀ ಕಾರವಾರ ಪೇಟೆ ಹೋಗಿ ಕೂತ ಹಾಗೆ. 1929ರಲ್ಲಿ ಕಾರ್ನೆಗಿ ಪ್ರತಿಷ್ಠಾನ ಒಂದು ದೊಡ್ಡ ವರದಿ ತಂದು, ಕಾಲೇಜುಗಳು ಆಟಗಾರರಿಗೆ ಗುಟ್ಟಾಗಿ ದುಡ್ಡು, ಕೆಲಸ ಕೊಟ್ಟು ಸೇರಿಸಿಕೊಳ್ಳುತ್ತಿವೆ ಅಂತ ಹೇಳಿತ್ತು. ಹ್ಯಾರಿಸ್ ಇದನ್ನು ತನ್ನದೇ ಕಾಲೇಜಿನ ಮೇಲೆ ಬರೆದ. ಇದು ಆಟವಲ್ಲ, ವ್ಯಾಪಾರ ಅನ್ನುವುದು ಅವನ ವಾದ. ಅಷ್ಟಕ್ಕೇ ನಿಲ್ಲಲಿಲ್ಲ. ಜಾನ್ ಜೇ ಹಾಲ್ ಅನ್ನುವ ಕಟ್ಟಡದ ಊಟದ ಮನೆಯನ್ನು ವಿದ್ಯಾರ್ಥಿಗಳಿಗಾಗಿ ಅಲ್ಲ, ಲಾಭಕ್ಕಾಗಿ ನಡೆಸುತ್ತಿದ್ದಾರೆ, ಅಲ್ಲಿ ಬಡಿಸುವ ವಿದ್ಯಾರ್ಥಿ ಕೆಲಸಗಾರರನ್ನು ಸರಿಯಾಗಿ ನಡೆಸಿಕೊಳ್ಳುತ್ತಿಲ್ಲ ಅನ್ನುವ ಆರೋಪ ಪತ್ರಿಕೆಯಲ್ಲಿ ಬಂತು.

ಏಪ್ರಿಲ್ 1ರಂದು ಅವನನ್ನು ಕಾಲೇಜಿನಿಂದ ಹೊರಹಾಕಿದರು. ಆದೇಶ ಹೊರಡಿಸಿದವರು ಡೀನ್ ಹರ್ಬರ್ಟ್ ಹಾಕ್ಸ್. ವಿಶ್ವವಿದ್ಯಾಲಯದ ಅಧ್ಯಕ್ಷರು ನಿಕೋಲಸ್ ಮರ್ರೇ ಬಟ್ಲರ್. ಹಿಂದಿನ ವರ್ಷವಷ್ಟೇ, 1931ರಲ್ಲಿ, ನೊಬೆಲ್ ಶಾಂತಿ ಪ್ರಶಸ್ತಿ ಹಂಚಿಕೊಂಡವರು. ಏಪ್ರಿಲ್ 6ರಂದು ವಿದ್ಯಾರ್ಥಿಗಳು ತರಗತಿ ಬಿಟ್ಟು ಹೊರಗೆ ಬಂದರು. ಲೋ ಲೈಬ್ರರಿಯ ಮೆಟ್ಟಿಲುಗಳ ಮೇಲೆ ಭಾಷಣ. ಎಲ್ಲರೂ ಹ್ಯಾರಿಸ್ ಕಡೆ ಇರಲಿಲ್ಲ, ಆಟಗಾರರ ಗುಂಪು ಎದುರು ನಿಂತಿತ್ತು, ತಳ್ಳಾಟವೂ ಆಯಿತು. ನಾಗರಿಕ ಹಕ್ಕುಗಳ ಸಂಘಟನೆ ಅವನ ಪರ ನಿಂತಿತು. ಮೂರು ವಾರದೊಳಗೆ ಕಾಲೇಜು ಅವನನ್ನು ವಾಪಸ್ ತೆಗೆದುಕೊಂಡಿತು. ಅವನು ಒಳಗೆ ಬಂದು, ತಾನೇ ರಾಜೀನಾಮೆ ಕೊಟ್ಟು ಹೊರಟ.

ಈ ಪುಟಗಳನ್ನು ಓದುವಾಗ ಒಂದು ವಿಷಯ ಗೊತ್ತಾಗುತ್ತದೆ, ಅದು ಪುಸ್ತಕದಲ್ಲಿ ಓದಿದರೆ ಗೊತ್ತಾಗುವುದಿಲ್ಲ. ಪುಸ್ತಕದಲ್ಲಿ ಹ್ಯಾರಿಸ್ ಕಥೆ ಎರಡು ಪುಟ. ಇಲ್ಲಿ ಅದು ದಿನಾ ಬರುತ್ತದೆ. ಇವತ್ತು ಬರೆದದ್ದಕ್ಕೆ ನಾಳೆ ಉತ್ತರ, ನಾಡಿದ್ದು ಅದಕ್ಕೆ ಮತ್ತೊಂದು ಉತ್ತರ. ಬರೆದವನ ಪಕ್ಕದ ಬೆಂಚಿನಲ್ಲೇ ಓದುವವನು ಕೂತಿರುತ್ತಾನೆ. ತಪ್ಪು ಬರೆದರೆ ಊಟಕ್ಕೆ ಕೂತಾಗಲೇ ಹಿಡಿದು ಕೇಳುತ್ತಾನೆ. ನಮ್ಮ ಕಾಲೇಜುಗಳಲ್ಲಿ ವರ್ಷಕ್ಕೊಂದು ಸಂಚಿಕೆ ಬರುತ್ತೆ ಅಲ್ವಾ, ಮಾರ್ಚಿನಲ್ಲಿ ಅಚ್ಚಾಗಿ ಜೂನಿನಲ್ಲಿ ಕೈಗೆ ಸಿಗುತ್ತೆ, ಅಷ್ಟರಲ್ಲಿ ಬರೆದವನು ಪರೀಕ್ಷೆ ಮುಗಿಸಿ ಬೆಂಗಳೂರಿಗೆ ಹೋಗಿರುತ್ತಾನೆ. ಅದರಲ್ಲಿ ಒಳ್ಳೇ ಕವಿತೆ ಇರಬಹುದು, ಲೇಖನ ಇರಬಹುದು. ಆದರೆ ಜವಾಬ್ದಾರಿ ಕಲಿಯೋದಕ್ಕೆ ದಿನಾ ಅಥವಾ ವಾರವಾರ ಬರೆಯಬೇಕು. ಈ ಸಂಗ್ರಹ ನೋಡಿದ ಮೇಲೆ ನನಗೆ ಇದರಲ್ಲಿ ಅನುಮಾನವೇ ಉಳಿದಿಲ್ಲ.

ಹ್ಯಾರಿಸ್ ಆಮೇಲೆ ಏನಾದ ಅಂತ ಹುಡುಗರು ಕೇಳಿದರು. ಅದೇ ವರ್ಷ ಫುಟ್‌ಬಾಲ್ ವ್ಯಾಪಾರದ ಮೇಲೆ ಪುಸ್ತಕ ಬರೆದ. ಮುಂದೆ ಸರ್ಕಾರಿ ಕೆಲಸಕ್ಕೆ ಸೇರಿದ. 1953ರಲ್ಲಿ, ಸರ್ಕಾರದೊಳಗೆ ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಸೆನೆಟರ್ ಮೆಕಾರ್ಥಿ ಅವನನ್ನು ಕಟಕಟೆಗೆ ಎಳೆದು, 21 ವರ್ಷ ಹಿಂದಿನ ಅದೇ ಪುಸ್ತಕ, ಅದೇ ಕಾಲೇಜು ಗಲಾಟೆ ಮುಂದಿಟ್ಟು ಪ್ರಶ್ನೆ ಹಾಕಿದರು. ಕೆಲಸ ಬಿಡಬೇಕಾಯಿತು. 1961ರಲ್ಲಿ ಪತ್ರಕರ್ತ ಎಡ್ವರ್ಡ್ ಮರೋ ಸರ್ಕಾರದ ಮಾಹಿತಿ ಇಲಾಖೆಯ ಮುಖ್ಯಸ್ಥರಾದಾಗ ಅವನನ್ನು ಮತ್ತೆ ಕರೆಸಿಕೊಂಡರು. ಇಷ್ಟು ಹೇಳಿದಾಗ ಜಗಲಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಇನ್ನು ಬಳಸುವ ವಿಧಾನದ ಬಗ್ಗೆ. ಎರಡು ದಾರಿ ಇವೆ. ಒಂದು ದಿನಾಂಕ ಹಿಡಿದು ಹೋಗೋದು, ಇನ್ನೊಂದು ಪದ ಹಾಕಿ ಹುಡುಕೋದು. ಹೊಸಬರು ದಿನಾಂಕ ಹಿಡಿದೇ ಹೋಗಿ ಅಂತ ನನ್ನ ಸಲಹೆ. ಯಾಕೆಂದರೆ ಪದ ಹುಡುಕಾಟ ಪೂರ್ತಿ ನಂಬುವ ಹಾಗಿಲ್ಲ. ಹಳೇ ಅಚ್ಚನ್ನು ಕಂಪ್ಯೂಟರೇ ಓದಿ ಅಕ್ಷರ ಮಾಡಿಕೊಂಡಿರುತ್ತದೆ. ಮಸಿ ಹರಡಿದ ಕಡೆ, ಕಾಲಂ ಅಂಚಿನಲ್ಲಿ ಪದ ತುಂಡಾದ ಕಡೆ ಅದು ಏನೇನೋ ಓದಿಕೊಳ್ಳುತ್ತೆ. ನೀವು ಹುಡುಕುವ ಹೆಸರು ಪುಟದಲ್ಲಿ ಎದ್ದು ಕಾಣುತ್ತಿದ್ದರೂ ಫಲಿತಾಂಶದಲ್ಲಿ ಬರುವುದಿಲ್ಲ. ಕೆಲವು ಸಂಗ್ರಹಗಳಲ್ಲಿ ಓದುಗರೇ ಈ ತಪ್ಪನ್ನು ತಿದ್ದಬಹುದು. ಅದಕ್ಕೆ ಮಾತ್ರ ಖಾತೆ ಬೇಕು. ಒಂದು ಕಡೆ ಪುಟದ ಚಿತ್ರ, ಇನ್ನೊಂದು ಕಡೆ ಅಕ್ಷರ, ಸಾಲು ಸಾಲಾಗಿ ನೋಡಿಕೊಂಡು ತಿದ್ದೋದು. ನಮ್ಮ ಮಾಜಾಳಿ ಹುಡುಗನಿಗೆ ಇದು ಬಹಳ ಹಿಡಿಸಿತು. ಇಂಗ್ಲಿಷ್ ಓದೋದಕ್ಕೆ ಹೆದರುತ್ತಿದ್ದವನು ಈಗ ದಿನಾ ಒಂದು ಕಾಲಂ ತಿದ್ದುತ್ತಾನೆ. ನ್ಯೂಯಾರ್ಕಿನ ಪತ್ರಿಕೆಯನ್ನು ಕಾಳಿ ನದಿ ದಡದ ಹುಡುಗ ಸರಿಮಾಡುತ್ತಿದ್ದಾನೆ, ನನಗೆ ಇದಕ್ಕಿಂತ ಸಂತೋಷ ಬೇರೆ ಇಲ್ಲ.

ಮೊಬೈಲಿನಲ್ಲಿ ಓದೋದು ಕಷ್ಟ. ಆಗಿನ ದಿನಪತ್ರಿಕೆ ಅಗಲ, ಅಕ್ಷರ ಸಣ್ಣದು. ದೊಡ್ಡದು ಮಾಡಿ ಅತ್ತಿಂದಿತ್ತ ಎಳೆಯುತ್ತಾ ಇರಬೇಕು, ಅಷ್ಟರಲ್ಲಿ ಸಾಲು ತಪ್ಪುತ್ತೆ. ಮಳೆ ಜೋರಾದ ದಿನ ನೆಟ್ ಸಿಗದಿದ್ದರೆ ಪುಟ ಅರ್ಧ ಬಂದು ನಿಲ್ಲುತ್ತೆ. ಪಿಡಿಎಫ್ ಇಳಿಸಿಕೊಂಡು ಲ್ಯಾಪ್‌ಟಾಪ್‌ನಲ್ಲಿ ಓದೋದು ಒಳ್ಳೇದು. ನಾನು ಮುಖ್ಯವಾದ ಪುಟಗಳನ್ನು ಎ3 ಹಾಳೆಯಲ್ಲಿ ಪ್ರಿಂಟ್ ತೆಗೆಸಿದೆ, ಎ4ನಲ್ಲಿ ತೆಗೆಸಿದರೆ ಭೂತಗನ್ನಡಿ ಬೇಕು.

ಗಂಭೀರ ಸುದ್ದಿಗಿಂತ ಜಾಹೀರಾತು ನೋಡುವುದರಲ್ಲೇ ನಮ್ಮ ಹುಡುಗರು ಅರ್ಧ ದಿನ ಕಳೆದರು, ಅದೂ ದಂಡವಲ್ಲ. ಸಿಗರೇಟಿನ ಜಾಹೀರಾತುಗಳು ದೊಡ್ಡದೊಡ್ಡದು, ಲಕ್ಕಿ ಸ್ಟ್ರೈಕ್, ಕ್ಯಾಮೆಲ್, ಚೆಸ್ಟರ್‌ಫೀಲ್ಡ್. ವಿದ್ಯಾರ್ಥಿ ಪತ್ರಿಕೆಗಳಿಗೆ ಅದು ದೊಡ್ಡ ಆದಾಯ. ಶರ್ಟು, ಟೋಪಿ, ಸಿನಿಮಾ, ನೃತ್ಯಕೂಟ. 1920ರ ದಶಕದಲ್ಲಿ ಕಾಲೇಜಿಗೆ ಹೋಗುವವರ ಸಂಖ್ಯೆಯೇ ಏರಿಬಿಟ್ಟಿತು. 1920ರಲ್ಲಿ ಇಡೀ ಅಮೆರಿಕದಲ್ಲಿ ಸುಮಾರು 6 ಲಕ್ಷ ವಿದ್ಯಾರ್ಥಿಗಳು, 1930ಕ್ಕೆ 11 ಲಕ್ಷ, 1940ಕ್ಕೆ 15 ಲಕ್ಷದ ಹತ್ತಿರ. ಅಂಗಡಿಯವರಿಗೆ ಹೊಸ ಗಿರಾಕಿಗಳು ಸಿಕ್ಕಿದರು. ರಕೂನ್ ಚರ್ಮದ ಉದ್ದ ಕೋಟು ಹಾಕಿಕೊಂಡು ಫುಟ್‌ಬಾಲ್ ನೋಡಲು ಹೋಗೋದು ಆಗಿನ ಸೊಗಸು. ಮೊದಲ ವರ್ಷದವರು ಮಾತ್ರ ಪುಟ್ಟ ಟೋಪಿ ಹಾಕಿಕೊಂಡೇ ಓಡಾಡಬೇಕು ಅನ್ನುವ ಕಟ್ಟಳೆ ಬಹಳ ಕಾಲೇಜುಗಳಲ್ಲಿತ್ತು. ರ‍್ಯಾಗಿಂಗ್ ಹೊಸ ರೋಗ ಅಲ್ಲ ಅಂತ ಜೋಯಿಡಾ ಹುಡುಗಿ ಹೇಳಿದಳು, ಸರಿಯಾದ ಮಾತು.

ಇನ್ನೊಂದು ದೊಡ್ಡ ವಿಷಯ ಪಾನನಿಷೇಧ. 1920ರ ಜನವರಿಯಿಂದ 1933ರ ಡಿಸೆಂಬರ್ ತನಕ ಅಮೆರಿಕದಲ್ಲಿ ಹೆಂಡ ತಯಾರಿಸೋದು, ಮಾರೋದು ಕಾನೂನು ಪ್ರಕಾರ ಅಪರಾಧ. ನ್ಯೂ ಹ್ಯಾಂಪ್‌ಶೈರ್‌ನ ಡಾರ್ಟ್‌ಮತ್ ಕಾಲೇಜಿನಲ್ಲಿ ಥಿಯೋಡೋರ್ ಗೈಸೆಲ್ ಅನ್ನುವ ಹುಡುಗ ಹಾಸ್ಯಪತ್ರಿಕೆಯ ಸಂಪಾದಕನಾಗಿದ್ದ. 1925ರಲ್ಲಿ ಗೆಳೆಯರ ಜೊತೆ ಕೋಣೆಯಲ್ಲಿ ಜಿನ್ ಕುಡಿದು ಸಿಕ್ಕಿಬಿದ್ದ. ಪತ್ರಿಕೆಯ ಕೆಲಸ ಬಿಡಬೇಕು ಅಂತ ಡೀನ್ ಹೇಳಿದರು. ಅವನು ಚಿತ್ರ ಬರೆಯೋದನ್ನು ಬಿಡಲಿಲ್ಲ, ಕೆಳಗೆ ಬೇರೆ ಹೆಸರು ಹಾಕಿದ. ಆ ಹೆಸರುಗಳಲ್ಲಿ ಒಂದು ಅವನ ನಡುಹೆಸರು, ಸ್ಯೂಸ್. ಮುಂದೆ ಪ್ರಪಂಚದ ಮಕ್ಕಳೆಲ್ಲ ಓದಿದ ಡಾಕ್ಟರ್ ಸ್ಯೂಸ್ ಇವನೇ. ಕಾರ್ನೆಲ್ ಸನ್ ಪತ್ರಿಕೆಗೆ 1920-21ರಲ್ಲಿ ಸಂಪಾದಕನಾಗಿದ್ದ ಇ. ಬಿ. ವೈಟ್ ಕೂಡ ಮುಂದೆ ಮಕ್ಕಳ ಕಥೆಗಳಿಂದಲೇ ಮನೆಮಾತಾದವರು. ಯೇಲ್ ಕಾಲೇಜಿನ ಪತ್ರಿಕೆಯಲ್ಲಿ ಜೊತೆಗೆ ದುಡಿದ ಬ್ರಿಟನ್ ಹ್ಯಾಡನ್, ಹೆನ್ರಿ ಲೂಸ್ 1923ರಲ್ಲಿ ಟೈಮ್ ವಾರಪತ್ರಿಕೆ ಶುರು ಮಾಡಿದರು. ಹೀಗೆ ಹೆಸರು ಹೇಳುತ್ತಾ ಹೋಗಬಹುದು, ಆದರೆ ಮುಂದೆ ದೊಡ್ಡವರಾದವರನ್ನು ಹುಡುಕೋದಕ್ಕೆ ಮಾತ್ರ ಈ ಸಂಗ್ರಹ ಬಳಸಬೇಡಿ. ಹೆಸರೇ ಇಲ್ಲದೆ ಬಿಸಿ ಸೀಸದ ಅಚ್ಚಿನ ಮನೆಯಲ್ಲಿ ನಡುರಾತ್ರಿ ತನಕ ಕೂತು ಕರಡು ತಿದ್ದಿದ ಹುಡುಗರೇ ಇದರಲ್ಲಿ ಜಾಸ್ತಿ.

1929ರ ಅಕ್ಟೋಬರ್ ದಾಟಿ ಮುಂದೆ ಹೋದರೆ ಪತ್ರಿಕೆಯ ಧಾಟಿಯೇ ಬದಲಾಗುತ್ತದೆ. ಆರ್ಥಿಕ ಕುಸಿತ. ಫೀಸು ಕಟ್ಟಲಾಗದವರು, ಕೆಲಸ ಮಾಡಿ ಓದುವವರು. ನಾಟಕಕಾರ ಆರ್ಥರ್ ಮಿಲ್ಲರ್ ಎರಡು ವರ್ಷ ಮೋಟಾರು ಬಿಡಿಭಾಗಗಳ ಗೋದಾಮಿನಲ್ಲಿ ದುಡಿದು ದುಡ್ಡು ಕೂಡಿಟ್ಟು 1934ರಲ್ಲಿ ಮಿಶಿಗನ್‌ಗೆ ಸೇರಿ, ಮಿಶಿಗನ್ ಡೈಲಿಯಲ್ಲಿ ವರದಿಗಾರನಾಗಿದ್ದವರು. 1935ರಲ್ಲಿ ರೂಸ್‌ವೆಲ್ಟ್ ಸರ್ಕಾರ ಯುವಜನರಿಗಾಗಿ ಒಂದು ಯೋಜನೆ ತಂದು, ಕಾಲೇಜಿನಲ್ಲೇ ಕೆಲಸ ಕೊಟ್ಟು ತಿಂಗಳಿಗೆ ಸುಮಾರು 15 ಡಾಲರ್ ಕೊಡಿಸಿತು. ಎಷ್ಟೋ ಮಂದಿ ಅದರಿಂದಲೇ ಓದು ಮುಗಿಸಿದರು. ನಮ್ಮ ಜಯಪ್ರಕಾಶ ನಾರಾಯಣರೂ ಇದಕ್ಕೆ ಮೊದಲು, 1922ರಿಂದ 1929ರ ತನಕ, ಅಮೆರಿಕದಲ್ಲೇ ಓದಿದ್ದು. ಬರ್ಕ್ಲಿ, ಅಯೋವಾ, ವಿಸ್ಕಾನ್ಸಿನ್, ಓಹಾಯೊ. ದ್ರಾಕ್ಷಿ ತೋಟದಲ್ಲಿ ದುಡಿದು, ಹೋಟೆಲಿನಲ್ಲಿ ತಟ್ಟೆ ತೊಳೆದು ಓದಿದವರು. ಹ್ಯಾರಿಸ್ ಬರೆದದ್ದು ತಟ್ಟೆ ಎತ್ತುವ ಅಂಥ ಹುಡುಗರ ಪರವಾಗಿಯೇ. ಅದನ್ನು ಹೇಳಿದಾಗ ನಮ್ಮ ಹುಡುಗಿಯ ಮುಖ ನೋಡಬೇಕಿತ್ತು.

ಒಂದು ವಿಷಯ ನನ್ನನ್ನು ಬಹಳ ಕಾಡಿತು. ಕೊಲಂಬಿಯಾದಲ್ಲಿ ಮುಷ್ಕರ ನಡೆದ 1932ರಲ್ಲಿ ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಕಾಲೇಜು ಓದಬೇಕೆಂದರೆ ಘಟ್ಟ ಹತ್ತಿ ಧಾರವಾಡಕ್ಕೋ, ಇನ್ನೂ ಮುಂದೆ ಪುಣೆ, ಮುಂಬೈಗೋ ಹೋಗಬೇಕಿತ್ತು. 1930ರ ಏಪ್ರಿಲ್ 13ರಂದು ಅಂಕೋಲಾದಲ್ಲಿ ಉಪ್ಪಿನ ಕಾನೂನು ಮುರಿದವರ, ಆಮೇಲೆ ಅಂಕೋಲಾ ಮತ್ತು ಸಿದ್ದಾಪುರದಲ್ಲಿ ಕರ ಕೊಡೋದಿಲ್ಲ ಅಂತ ನಿಂತು ಗದ್ದೆ ತೋಟ ಕಳೆದುಕೊಂಡವರ ಮಕ್ಕಳು ಎಷ್ಟು ಜನ ಕಾಲೇಜಿನ ಮೆಟ್ಟಿಲು ಹತ್ತಿರಬಹುದು? ಅಂಕೋಲಾದ ಹುಡುಗ ಕಾರ್ನೆಲ್ ಸನ್ ಪತ್ರಿಕೆಯ ಆ ತಿಂಗಳ ಪುಟಗಳನ್ನು ತೆಗೆದು ಗಾಂಧೀಜಿಯ ಸುದ್ದಿ ಹುಡುಕಿದ. ಆ ಪತ್ರಿಕೆ ಊರಿನ ಸುದ್ದಿಯ ಜೊತೆ ತಂತಿ ಸುದ್ದಿಯನ್ನೂ ಹಾಕುತ್ತಿತ್ತು. ಕಾಲೇಜು ಹುಡುಗರು ನಡೆಸುವ ಪತ್ರಿಕೆಯಲ್ಲಿ ದಂಡಿಯ ಸುದ್ದಿ ಓದುವಾಗ ಅವನು "ನಮ್ಮಜ್ಜ ಆಗ ಅಲ್ಲೇ ಉಪ್ಪಿನಾಗರದಲ್ಲಿ ಇದ್ದರಂತೆ" ಅಂದ.

ಪ್ರಿನ್ಸ್‌ಟನ್ ಸಂಗ್ರಹದಲ್ಲಿ 1936ರ ಮಾರ್ಚ್ ತಪ್ಪಿಸಬೇಡಿ. ಮೊದಲ ಮಹಾಯುದ್ಧದ ಸೈನಿಕರಿಗೆ 1945ರಲ್ಲಿ ಕೊಡಬೇಕಿದ್ದ ಬೋನಸ್ಸನ್ನು ಮುಂಚೆಯೇ ಕೊಡಬೇಕು ಅಂತ 1936ರ ಜನವರಿಯಲ್ಲಿ ಕಾನೂನು ಆಯಿತು. ಆಗ ಅಲ್ಲಿನ ವಿದ್ಯಾರ್ಥಿ ಲೂಯಿಸ್ ಗೋರಿನ್ ಮತ್ತು ಗೆಳೆಯರು ಭಾವೀ ಯುದ್ಧಗಳ ಸೈನಿಕರ ಸಂಘ ಕಟ್ಟಿದರು. ಮುಂದಿನ ಯುದ್ಧಕ್ಕೆ ಹೋಗಿ ಸಾಯುವವರು ನಾವೇ, ಹಾಗಾಗಿ ನಮ್ಮ 1000 ಡಾಲರ್ ಈಗಲೇ ಕೊಡಿ, ಬದುಕಿದ್ದಾಗ ಅನುಭವಿಸುತ್ತೇವೆ ಅನ್ನುವುದು ಬೇಡಿಕೆ. ಕೈ ಮುಂದೆ ಚಾಚಿ ಅಂಗೈ ಮೇಲೆ ಮಾಡೋದು ಅವರ ಸೆಲ್ಯೂಟ್. ಪ್ರಣಾಳಿಕೆ ಬಂದದ್ದು ವಿದ್ಯಾರ್ಥಿ ಪತ್ರಿಕೆಯಲ್ಲೇ. ಕೆಲವೇ ತಿಂಗಳಲ್ಲಿ 500ಕ್ಕೂ ಹೆಚ್ಚು ಶಾಖೆಗಳಾದವು. ಮರುವರ್ಷ ಸಂಘ ಮುಚ್ಚಿತು. ಆಮೇಲೆ ನಿಜವಾಗಿಯೇ ಯುದ್ಧ ಬಂತು, ಗೋರಿನ್ ಸೈನ್ಯ ಸೇರಿ ಹೋದರು. ಇದನ್ನು ಬರೀ ತಮಾಷೆ ಅಂತ ಓದಲು ನನಗೆ ಆಗಲಿಲ್ಲ. 1934ರ ಏಪ್ರಿಲ್ 13ರಂದು ಸುಮಾರು 25 ಸಾವಿರ ವಿದ್ಯಾರ್ಥಿಗಳು ಯುದ್ಧ ಬೇಡ ಅಂತ ತರಗತಿ ಬಿಟ್ಟು ನಿಂತಿದ್ದರು, ಮುಂದಿನ ವರ್ಷ ಅದು ಲಕ್ಷ ದಾಟಿತು. ಆ ಮುಖಗಳಲ್ಲಿ ಎಷ್ಟು ವಾಪಸ್ ಬಂದವೋ.

ಕೊರತೆ ಹೇಳಲೇಬೇಕು. ಈ ಐದೂ ದುಡ್ಡಿರುವ ದೊಡ್ಡ ವಿಶ್ವವಿದ್ಯಾಲಯಗಳು. ಇದನ್ನೇ ಓದಿ ಅಮೆರಿಕದ ಕಾಲೇಜು ಅಂದರೆ ಇಷ್ಟೇ ಅಂದುಕೊಂಡರೆ ತಪ್ಪಾಗುತ್ತೆ. ಟೆನೆಸಿಯ ಫಿಸ್ಕ್ ಅನ್ನುವ ಕಪ್ಪುಜನರ ವಿಶ್ವವಿದ್ಯಾಲಯದಲ್ಲಿ ಬಿಳಿಯ ಅಧ್ಯಕ್ಷ ಫೇಯೆಟ್ ಮೆಕೆಂಜಿ ವಿದ್ಯಾರ್ಥಿ ಪತ್ರಿಕೆಯನ್ನೇ ನಿಲ್ಲಿಸಿದ್ದರು. 1925ರ ಫೆಬ್ರವರಿಯಲ್ಲಿ ಮುಷ್ಕರಕ್ಕೆ ಇಳಿದ ವಿದ್ಯಾರ್ಥಿಗಳ ಬೇಡಿಕೆಗಳಲ್ಲಿ ತಮ್ಮ ಪತ್ರಿಕೆ ವಾಪಸ್ ಬೇಕು ಅನ್ನೋದೂ ಇತ್ತು. ಏಪ್ರಿಲ್‌ನಲ್ಲಿ ಮೆಕೆಂಜಿ ರಾಜೀನಾಮೆ ಕೊಟ್ಟರು. ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಹಿಲ್‌ಟಾಪ್ ಪತ್ರಿಕೆಯನ್ನು 1924ರಲ್ಲಿ ಶುರು ಮಾಡಿದ ಇಬ್ಬರಲ್ಲಿ ಒಬ್ಬರು ಲೇಖಕಿ ಜೋರಾ ನೀಲ್ ಹರ್ಸ್‌ಟನ್. ಹೆಣ್ಣುಮಕ್ಕಳ ದನಿ ಬೇಕಿದ್ದರೆ ವ್ಯಾಸರ್ ಕಾಲೇಜಿನ ಪತ್ರಿಕೆಯ ಸಂಗ್ರಹವೂ ಪುಕ್ಕಟೆಯೇ ಇದೆ. ಇವನ್ನೂ ಜೊತೆಗಿಟ್ಟುಕೊಂಡೇ ಓದಿ.

ಇಂಗ್ಲಿಷ್ ಕಷ್ಟವೇ? ಸಂಪಾದಕೀಯ ಸ್ವಲ್ಪ ಕಷ್ಟ, ಸುದ್ದಿ ಸುಲಭ. ಆ ಕಾಲದ ಹುಡುಗರ ಆಡುಮಾತು ಅರ್ಥವಾಗದಿದ್ದರೆ ಬಿಟ್ಟು ಮುಂದೆ ಹೋಗಿ. ಪಿಯುಸಿ ಮಕ್ಕಳಿಗೂ ಕೊಡಬಹುದು, ಜೊತೆಗೆ ಒಬ್ಬರು ಕೂತರೆ ಸಾಕು. ಶಿರಸಿ, ಕುಮಟಾ, ಹೊನ್ನಾವರದ ಕಾಲೇಜು ಲೈಬ್ರರಿಯವರು ಒಂದು ಕಂಪ್ಯೂಟರಿನಲ್ಲಿ ಈ ಐದರ ಕೊಂಡಿಗಳನ್ನು ಹಾಕಿಟ್ಟರೆ ದೊಡ್ಡ ಉಪಕಾರ.

ನಮ್ಮ ಹುಡುಗಿ ತನ್ನ ಲೇಖನವನ್ನು ಮತ್ತೆ ಬರೆದಿದ್ದಾಳೆ. ಹ್ಯಾರಿಸ್ ಪುಟಗಳನ್ನು ಮೂರು ಸಲ ಓದಿ, ಆರೋಪ ಮಾಡುವಾಗ ಯಾರು ಹೇಳಿದರು, ಯಾವ ದಿನ, ಎಷ್ಟು ಗಂಟೆಗೆ ಅನ್ನೋದು ಕೈಯಲ್ಲಿರಬೇಕು ಅಂತ ತಾನೇ ಕಂಡುಕೊಂಡಳು. ಹತ್ತು ರಾತ್ರಿಯ ಲೆಕ್ಕ ಬರೆದಿಟ್ಟಳು. ಅಡುಗೆಯವರ ಹತ್ತಿರ ಹೋಗಿ ದಿನಕ್ಕೆ ಎಷ್ಟು ಜನರ ಸಾಮಾನು ಬರುತ್ತೆ ಅಂತ ಕೇಳಿದಳು. ಬರೋದು 80 ಜನರದ್ದು, ಉಣ್ಣೋದು 110 ಜನ. ಮೊದಲ ಲೇಖನದಲ್ಲಿ ಅಡುಗೆಯವರ ಮೇಲೆ ಹಾಕಿದ್ದ ಎರಡು ಸಾಲನ್ನು ತೆಗೆದಳು.

ಈ ಭಾನುವಾರ ಅದನ್ನು ಎಲ್ಲರೂ ಕೂತು ಓದುತ್ತೇವೆ, ಆಮೇಲೆ 1936ರ ಮಾರ್ಚ್ ತೆಗೆಯುತ್ತೇವೆ. ಬರುವವರು ಬನ್ನಿ, ಜಗಲಿಯಲ್ಲಿ ಜಾಗ ಇದೆ. ಫೋನ್, ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೊಂಡು ಬನ್ನಿ, ಈ ಮಳೆಯಲ್ಲಿ ಕರೆಂಟನ್ನು ನೆಚ್ಚಿಕೊಳ್ಳುವ ಹಾಗಿಲ್ಲ.